ಎಂಜಿನಿಯರ್ ನೋಂದಣಿ ಸಂದರ್ಶನ: ರೆಡಿಮೇಡ್ ಪಿಪಿಟಿ ಇದ್ದರೆ ಪಾಸಾಗಬಹುದೇ?

ಎಂಜಿನಿಯರರ ವಾಟ್ಸಾಪ್ ಗುಂಪುಗಳಲ್ಲಿ ಈ ಧಾಟಿಯ ಸಂದೇಶಗಳು ಓಡಾಡುತ್ತಿರುತ್ತವೆ: “ಪ್ರೊಫೆಷನಲ್ ಎಂಜಿನಿಯರ್ ನೋಂದಣಿ ಇಲ್ಲದಿದ್ದರೆ ಇನ್ನು ಬಿಇ ಪದವಿಗೆ ಬೆಲೆಯಿಲ್ಲ. ಸಂದರ್ಶನಕ್ಕೆ 40 ಸ್ಲೈಡ್‌ಗಳ ರೆಡಿ ಪಿಪಿಟಿ ಇಲ್ಲಿದೆ. ದೊಡ್ಡ ಪ್ರಾಜೆಕ್ಟ್ ತೋರಿಸಿ, ಧೈರ್ಯವಾಗಿ ಮಾತಾಡಿ, ಪಾಸ್ ಗ್ಯಾರಂಟಿ. ಎಲ್ಲ ಎಂಜಿನಿಯರ್ ಮಿತ್ರರಿಗೂ ಕಳಿಸಿ.”

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ಊರುಗಳಲ್ಲಿ ಕೆಲಸ ಮಾಡುವ ಎಂಜಿನಿಯರರಿಗೆ ಇಂಥ ಸಂದೇಶದಿಂದ ಎರಡು ತೊಂದರೆ. ಒಂದು, ಕೆಲಸವೇ ಹೋಗಬಹುದೆಂಬ ಭಯ. ಎರಡು, “ನಾವು ಮಾಡಿದ್ದು ಸಣ್ಣ ಕಾಲುವೆ, ಸಣ್ಣ ಸೇತುವೆ. ನಮಗೆಲ್ಲಿ ಪಾಸಾಗುತ್ತದೆ?” ಎಂಬ ಹಿಂಜರಿಕೆ. ಈ ಎರಡೂ ಸೇರಿದಾಗ ಯಾರದೋ ಪಿಪಿಟಿಗೆ ದುಡ್ಡು ಕೊಡುವ ಮನಸ್ಸಾಗುತ್ತದೆ. ಹಾಗಾಗಿ ಸಂದೇಶದ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಚುಟುಕಾಗಿ ಉತ್ತರ ಬೇಕಿದ್ದರೆ ಇಷ್ಟು: ಸಂದರ್ಶನ ಮಾಡುವವರು ಪ್ರಾಜೆಕ್ಟ್ ಎಷ್ಟು ಕೋಟಿಯದು ಎಂದು ಅಳೆಯುವುದಿಲ್ಲ. ಅದರಲ್ಲಿ ನೀವು ಯಾವ ನಿರ್ಧಾರ ತೆಗೆದುಕೊಂಡಿರಿ, ಯಾಕೆ ತೆಗೆದುಕೊಂಡಿರಿ, ಅದರ ಹೊಣೆ ಹೊರಲು ತಯಾರಿದ್ದೀರಾ ಎಂದು ನೋಡುತ್ತಾರೆ. ಅದನ್ನು ಇನ್ನೊಬ್ಬರ ಪಿಪಿಟಿ ಹೇಳಲಾರದು.

ಮೊದಲಿಗೆ, ಈ ನೋಂದಣಿ ಎಂದರೇನು?

ಭಾರತದಲ್ಲಿ ವಕೀಲರಿಗೆ 1961ರ ಕಾಯ್ದೆ ಇದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ. ನೋಂದಣಿ ಇಲ್ಲದೆ ವೈದ್ಯರು ವೃತ್ತಿ ಮಾಡುವಂತಿಲ್ಲ. ಎಂಜಿನಿಯರರಿಗೆ ಮಾತ್ರ ಅಂಥ ಕೇಂದ್ರ ಕಾಯ್ದೆ ಬಹುಕಾಲದಿಂದ ಇಲ್ಲ. 2025ರಲ್ಲಿ ವೃತ್ತಿಪರ ಎಂಜಿನಿಯರರ ಮಸೂದೆಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಲಾಯಿತು. ಆಮೇಲೆಯೇ “ಪದವಿಗೆ ಬೆಲೆಯಿಲ್ಲ” ಎಂಬಂಥ ಮಾತಿಗೆ ರೆಕ್ಕೆ ಬಂದದ್ದು. ಆದರೆ ಕರಡು ಎಂದರೆ ಕಾನೂನಲ್ಲ. ಸಂಸತ್ತು ಒಪ್ಪಿ, ಗೆಜೆಟ್‌ನಲ್ಲಿ ಪ್ರಕಟವಾಗಿ ಜಾರಿಗೆ ಬಂದರೆ ಮಾತ್ರ ಅದು ಕಾನೂನು. ಇನ್ನು ಕಟ್ಟಡದ ನಕ್ಷೆಗೆ ಸಹಿ ಹಾಕಲು ಸ್ಥಳೀಯ ಸಂಸ್ಥೆ ಕೊಡುವ ಪರವಾನಗಿ ಬೇರೆಯೇ ವಿಷಯ. ಎರಡನ್ನೂ ಬೆರೆಸಬಾರದು.

ಈಗಿರುವ ವೃತ್ತಿಪರ ನೋಂದಣಿ ಸ್ವಇಚ್ಛೆಯದು. ದಿ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ), ಅಂದರೆ ಐಇಐ, 1920ರಲ್ಲಿ ಹುಟ್ಟಿದ ಸಂಸ್ಥೆ. 1935ರಲ್ಲಿ ಅದಕ್ಕೆ ರಾಯಲ್ ಚಾರ್ಟರ್ ಸಿಕ್ಕಿತು. ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಅದು ‘ಚಾರ್ಟರ್ಡ್ ಎಂಜಿನಿಯರ್’ ಮತ್ತು ‘ಪ್ರೊಫೆಷನಲ್ ಎಂಜಿನಿಯರ್’ ಎಂಬ ಮಾನ್ಯತೆಗಳನ್ನು ಕೊಡುತ್ತದೆ. ‘ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಎಂಜಿನಿಯರ್’ ಒಪ್ಪಂದದಲ್ಲಿ ಭಾರತದ ಪರವಾಗಿ ಇರುವುದೂ ಅದೇ.

ಆ ಅಂತರರಾಷ್ಟ್ರೀಯ ಒಪ್ಪಂದದ ಮಾನದಂಡ ನೋಡಿದರೆ ಸಂದರ್ಶನ ಯಾಕೆ ಬೇಕು ಎಂಬುದು ತಿಳಿಯುತ್ತದೆ. ಪದವಿ ಪಡೆದ ಮೇಲೆ ಕನಿಷ್ಠ 7 ವರ್ಷದ ಅನುಭವ ಇರಬೇಕು. ಅದರಲ್ಲಿ ಕನಿಷ್ಠ 2 ವರ್ಷ ಮಹತ್ವದ ಎಂಜಿನಿಯರಿಂಗ್ ಕೆಲಸದ ಜವಾಬ್ದಾರಿ ಹೊತ್ತಿರಬೇಕು. ಕಲಿಕೆಯನ್ನು ಮುಂದುವರಿಸುತ್ತಿರಬೇಕು. ಅನುಭವದ ವರ್ಷಗಳನ್ನು ಪ್ರಮಾಣಪತ್ರದಲ್ಲಿ ಎಣಿಸಬಹುದು. ಆದರೆ ‘ಜವಾಬ್ದಾರಿ’ ಎಂಬುದನ್ನು ಕಾಗದದಲ್ಲಿ ಎಣಿಸಲಾಗದು, ಕೇಳಿಯೇ ತಿಳಿಯಬೇಕು.

ಬ್ರಿಟನ್ನಿನಲ್ಲಿಯೂ ತತ್ವ ಇದೇ. ಅಲ್ಲಿನ ಮಾನದಂಡ ಐದು ವಿಷಯ ನೋಡುತ್ತದೆ: ಜ್ಞಾನ, ಸಮಸ್ಯೆ ಬಿಡಿಸುವ ಶಕ್ತಿ, ಹೊಣೆ ಮತ್ತು ನಾಯಕತ್ವ, ಸಂವಹನ, ವೃತ್ತಿನಿಷ್ಠೆ. 1818ರಲ್ಲಿ ಶುರುವಾದ ಲಂಡನ್ನಿನ ಸಿವಿಲ್ ಎಂಜಿನಿಯರರ ಸಂಸ್ಥೆ ಐಸಿಇಯ ಪರಿಶೀಲನೆಯಲ್ಲಿ ಅಭ್ಯರ್ಥಿ ಸುಮಾರು 15 ನಿಮಿಷ ಪ್ರೆಸೆಂಟೇಶನ್ ಕೊಟ್ಟು, ಆಮೇಲೆ ಪ್ರಶ್ನೆಗಳಿಗೆ ಉತ್ತರಿಸಬೇಕು. ಬೇರೆ ಬೇರೆ ಸಂಸ್ಥೆಗಳಲ್ಲಿ ಸಮಯ, ಸ್ಲೈಡ್ ಮಿತಿ, ಆನ್‌ಲೈನೋ ನೇರವೋ ಎಂಬುದು ಬದಲಾಗುತ್ತದೆ. ನಿಮಗೆ ಬಂದ ಪತ್ರದಲ್ಲಿ ಬರೆದದ್ದೇ ನಿಯಮ, ಗುಂಪಿನಲ್ಲಿ ಬಂದದ್ದಲ್ಲ.

ಮಾತು 1: “ದೊಡ್ಡ ಪ್ರಾಜೆಕ್ಟ್ ತೋರಿಸಬೇಕು”

ಇದು ತಪ್ಪು. ಇದಕ್ಕೆ ಸಾಕ್ಷಿ ನಮ್ಮ ಸವದತ್ತಿ ತಾಲ್ಲೂಕಿನ ನೆಲದಲ್ಲೇ ಇದೆ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ರೇಣುಕಾ ಸಾಗರದಿಂದ ಕಾಲುವೆ ತೆಗೆದಾಗ ಎದುರಾದ ದೊಡ್ಡ ಸವಾಲುಗಳಲ್ಲಿ ಒಂದು ಎರೆಮಣ್ಣು. ಈ ಕಪ್ಪು ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಎರೆಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದನ್ನು ಈ ಭಾಗದ ರೈತರೆಲ್ಲ ಕಂಡಿದ್ದಾರೆ. ಅದೇ ಮಣ್ಣಿನ ಮೇಲೆ ಕಾಂಕ್ರೀಟ್ ಲೈನಿಂಗ್ ಹಾಕಿದರೆ, ಮಣ್ಣು ಉಬ್ಬಿದಾಗ ಲೈನಿಂಗ್ ಎದ್ದು ಒಡೆಯುತ್ತದೆ.

ಈ ಸಮಸ್ಯೆಗೆ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಮತ್ತು ಸಂಗಡಿಗರು ದಾರಿ ಕಂಡುಕೊಂಡರು. ಎರೆಮಣ್ಣಿಗೂ ಲೈನಿಂಗ್‌ಗೂ ನಡುವೆ ಅಂಟಿಕೊಳ್ಳುವ ಗುಣವಿದ್ದೂ ಉಬ್ಬದ ಮಣ್ಣಿನ ಒಂದು ಪದರ ಹಾಕುವುದು. ಎಂಜಿನಿಯರರು ಇದನ್ನು ಸಿಎನ್‌ಎಸ್ ಪದರ ಎನ್ನುತ್ತಾರೆ. ಮಲಪ್ರಭಾ ಬಲದಂಡೆ ಕಾಲುವೆ ಈ ವಿಧಾನದ ಪರೀಕ್ಷೆ ನಡೆದ ಜಾಗಗಳಲ್ಲೊಂದು. ಮುಂದೆ ಉಬ್ಬುವ ಮಣ್ಣಿನಲ್ಲಿ ಕಾಲುವೆ ಲೈನಿಂಗ್ ಮಾಡುವ ಬಗ್ಗೆ ಐಎಸ್ 9451 ಎಂಬ ಭಾರತೀಯ ಮಾನಕವೇ ಬಂತು.

ಈಗ ಹೇಳಿ, ಸವದತ್ತಿ ಕಡೆಯ ಉಪಕಾಲುವೆಯಲ್ಲಿ 600 ಮೀಟರ್ ಲೈನಿಂಗ್ ದುರಸ್ತಿ ಮಾಡಿಸಿದ ಎಂಜಿನಿಯರ್‌ಗೆ ಹೇಳಲು ಏನೂ ಇಲ್ಲವೇ? “ಒಡೆದ ಜಾಗಕ್ಕೆ ಮತ್ತೆ ಕಾಂಕ್ರೀಟ್ ಹಾಕಿದರೆ ಎರಡು ಮಳೆಗಾಲದಲ್ಲಿ ಮತ್ತೆ ಒಡೆಯುತ್ತಿತ್ತು. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ, ಎರೆಮಣ್ಣು ತೆಗೆಸಿ, ಉಬ್ಬದ ಮಣ್ಣು ತುಂಬಿಸಿದೆ” ಎಂದರೆ ಅದರಲ್ಲಿ ವಿಜ್ಞಾನ ಇದೆ, ಲೆಕ್ಕ ಇದೆ, ನಿರ್ಧಾರ ಇದೆ. ನೂರಾರು ಕೋಟಿಯ ಮೇಲ್ಸೇತುವೆಯ ತಂಡದಲ್ಲಿ ಬರೀ ಅಳತೆ ಪುಸ್ತಕ ತುಂಬಿದವರ ಹತ್ತಿರ ಇಷ್ಟು ವಿಷಯ ಇರಲಾರದು.

ರಾಮದುರ್ಗದ ಹತ್ತಿರ ಹಳ್ಳಕ್ಕೆ ಕಿರುಸೇತುವೆ ಕಟ್ಟಿದವರಿಗೂ ಇದೇ ಮಾತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಪಟ್ಟಣಕ್ಕೂ ಹೊಳೆದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತ್ತು. ಆಮೇಲೆ ಅಲ್ಲಿ ಸೇತುವೆ ಕಟ್ಟುವಾಗ ಯಾವ ಪ್ರವಾಹ ಮಟ್ಟ ಹಿಡಿದಿರಿ, ಯಾಕೆ ಹಿಡಿದಿರಿ ಎಂಬುದು ಸಣ್ಣ ಪ್ರಶ್ನೆಯಲ್ಲ. ಬೈಲಹೊಂಗಲ ಭಾಗದ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಇರಲಿ, ಕಿತ್ತೂರಿನ ಬಳಿ ಹೆದ್ದಾರಿ 48ರ ಸರ್ವಿಸ್ ರಸ್ತೆಯ ಮೋರಿ ಇರಲಿ, ಜನರ ಜೀವಕ್ಕೆ ಸಂಬಂಧಪಟ್ಟ ನಿರ್ಧಾರ ಇದ್ದಲ್ಲಿ ಪ್ರೆಸೆಂಟೇಶನ್‌ಗೆ ವಿಷಯ ಇದೆ.

ಮಾತು 2: “‘ನಾನು’ ಎಂದರೆ ಅಹಂಕಾರ, ‘ನಾವು’ ಎನ್ನಿ”

ಇದನ್ನು ಹೇಳಿಕೊಡಲು ವಾಟ್ಸಾಪ್ ಬೇಕಿಲ್ಲ, ನಮ್ಮ ಮನೆಗಳಲ್ಲೇ ಕಲಿಸುತ್ತಾರೆ. “ನಾನು ಮಾಡಿದೆ” ಎಂದು ಎದೆ ತಟ್ಟಿಕೊಳ್ಳುವುದು ನಮಗೆ ಸರಿಬರುವುದಿಲ್ಲ. ಅದರ ಮೇಲೆ ಕಚೇರಿಯ ಕನ್ನಡವೂ, ಕಚೇರಿಯ ಇಂಗ್ಲಿಷೂ “ಕ್ರಮ ಕೈಗೊಳ್ಳಲಾಯಿತು”, “ಪರಿಶೀಲಿಸಲಾಗಿದೆ” ಎಂದು ಬರೆಯುವುದನ್ನು ರೂಢಿ ಮಾಡಿಸಿರುತ್ತದೆ. ಆ ವಾಕ್ಯಗಳಲ್ಲಿ ಮಾಡಿದವರೇ ಇಲ್ಲ.

ಸಂದರ್ಶನದಲ್ಲಿ ಇದೇ ಮುಳುವಾಗುತ್ತದೆ. “ಮಣ್ಣು ಪರೀಕ್ಷೆ ಮಾಡಲಾಯಿತು, ವಿನ್ಯಾಸ ಬದಲಿಸಲಾಯಿತು” ಎಂದು ಕೇಳಿದ ಪ್ಯಾನೆಲ್‌ನವರಿಗೆ ಎದುರು ಕೂತವರು ವಿನ್ಯಾಸ ಬದಲಿಸಿದವರೋ, ಬದಲಿಸುವಾಗ ಪಕ್ಕದಲ್ಲಿ ನಿಂತವರೋ ಗೊತ್ತಾಗುವುದಿಲ್ಲ. ಅವರು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಅದರಲ್ಲಿ ನಿಮ್ಮ ಪಾತ್ರ ಏನು?”

ಇಲ್ಲಿ ‘ನಾನು’ ಎಂಬುದು ಹೊಗಳಿಕೆಯ ಮಾತಲ್ಲ, ಹೊಣೆಯ ಮಾತು. ನಾಳೆ ಆ ಕಾಲುವೆ ಒಡೆದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಉತ್ತರ. ಹಾಗಂತ ಬೇರೆಯವರ ಕೆಲಸವನ್ನು ನುಂಗಬಾರದು. ಹೀಗೆ ಹೇಳಬಹುದು: “ಮೂಲ ವಿನ್ಯಾಸ ನಮ್ಮ ಹಿರಿಯ ಎಂಜಿನಿಯರದು. ಒಡೆದ ಕಾರಣ ಹುಡುಕುವ ಕೆಲಸ ನನ್ನದು. ಮಣ್ಣು ಬದಲಿಸುವ ಸಲಹೆ ನಾನು ಕೊಟ್ಟೆ, ಲೆಕ್ಕವನ್ನು ಅವರು ಪರಿಶೀಲಿಸಿ ಒಪ್ಪಿದರು. ಸ್ಥಳದಲ್ಲಿ ಗುಣಮಟ್ಟದ ಹೊಣೆ ನನ್ನದಾಗಿತ್ತು.” ಇದರಲ್ಲಿ ಸತ್ಯವೂ ಇದೆ, ಹಿರಿಯರಿಗೆ ಗೌರವವೂ ಇದೆ, ಗೊಂದಲ ಮಾತ್ರ ಇಲ್ಲ.

ಮಾತು 3: “ಸ್ಲೈಡ್ ತುಂಬ ಮಾಹಿತಿ ಇದ್ದರೆ ಪ್ರಭಾವ ಜಾಸ್ತಿ”

ಮಾಹಿತಿ ತುಂಬಿದ ಸ್ಲೈಡ್ ಎಷ್ಟು ಅಪಾಯಕಾರಿ ಆಗಬಹುದು ಎಂಬುದಕ್ಕೆ ಇತಿಹಾಸದಲ್ಲಿ ನೋವಿನ ಉದಾಹರಣೆ ಇದೆ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಹಾರುವಾಗ, ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿದ್ದಾಗ ಎಂಜಿನಿಯರರು ಇದರ ಅಪಾಯವನ್ನು ಸ್ಲೈಡ್‌ಗಳಲ್ಲಿ ವಿವರಿಸಿದರು. ಹಿಂದೆ ಪರೀಕ್ಷೆ ಮಾಡಿದ್ದ ತುಂಡು 3 ಘನ ಇಂಚಿನದು, ಈ ಸಲ ಬಡಿದದ್ದು ಸುಮಾರು 1920 ಘನ ಇಂಚಿನದು. ಅಂದರೆ 640 ಪಟ್ಟು ದೊಡ್ಡದು. ಹಳೆಯ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ ಎನ್ನುವ ಈ ಸಂಗತಿ ಒಂದು ಸ್ಲೈಡ್‌ನ ತಳದಲ್ಲಿ, ಉಪಅಂಶದ ಒಳಗಿನ ಉಪಅಂಶವಾಗಿ ಹುದುಗಿತ್ತು. ಶೀರ್ಷಿಕೆ ಓದಿದವರಿಗೆ ಧೈರ್ಯ ಬರುವಂತಿತ್ತು.

ಫೆಬ್ರುವರಿ 1ರಂದು ನೌಕೆ ಮರಳುವಾಗ ಸಿಡಿದು, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಸ್ಲೈಡ್‌ನಿಂದಲೇ ದುರಂತ ಆಯಿತು ಎಂದಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ, ತಾಂತ್ರಿಕ ಟಿಪ್ಪಣಿಯ ಬದಲು ಸ್ಲೈಡ್‌ಗಳನ್ನೇ ನೆಚ್ಚಿಕೊಳ್ಳುವ ಅಭ್ಯಾಸವನ್ನು ಸ್ಪಷ್ಟವಾಗಿ ಟೀಕಿಸಿತು.

ಸ್ಲೈಡ್‌ನಲ್ಲಿ ಬರೆದದ್ದನ್ನೇ ಗಟ್ಟಿಯಾಗಿ ಓದುವುದೂ ಕೆಲಸಕ್ಕೆ ಬಾರದು. ಅದೇ ಪದಗಳನ್ನು ಕಣ್ಣು ಓದುತ್ತಾ ಕಿವಿ ಕೇಳುತ್ತಾ ಇದ್ದರೆ ಮಿದುಳಿಗೆ ಹೊರೆ ಹೆಚ್ಚಿ ತಿಳಿವಳಿಕೆ ಕಡಿಮೆಯಾಗುತ್ತದೆ ಎಂದು ಕಲಿಕೆಯ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಚಿತ್ರ ಸ್ಲೈಡ್‌ನಲ್ಲಿರಲಿ, ವಿವರಣೆ ಬಾಯಲ್ಲಿರಲಿ. ಸ್ಲೈಡ್‌ನ ಶೀರ್ಷಿಕೆಯೇ ತೀರ್ಮಾನ ಹೇಳಲಿ. “ಮಣ್ಣು ಪರೀಕ್ಷೆಯ ಫಲಿತಾಂಶ” ಎಂದು ಬರೆಯುವ ಬದಲು “ಲೈನಿಂಗ್ ಒಡೆದದ್ದು ಕಾಂಕ್ರೀಟ್‌ನಿಂದಲ್ಲ, ಕೆಳಗಿನ ಮಣ್ಣಿನಿಂದ” ಎಂದು ಬರೆಯಿರಿ.

ಮಾತು 4: “ಮಾತಿನ ತೂಕ ಬರೀ 7%, ಉಳಿದದ್ದೆಲ್ಲ ಧ್ವನಿ ಮತ್ತು ಹಾವಭಾವ”

“ಧೈರ್ಯವಾಗಿ ಮಾತಾಡಿ, ಪಾಸ್” ಎಂಬ ಭರವಸೆಯ ಬೆನ್ನಿಗೆ ಸಾಮಾನ್ಯವಾಗಿ ಬರುವ ಅಂಕಿ ಇದು: ಪದಕ್ಕೆ 7%, ಧ್ವನಿಗೆ 38%, ದೇಹಭಾಷೆಗೆ 55%. ಇದರ ಮೂಲ 1967ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಪ್ರಕಟಿಸಿದ ಎರಡು ಪ್ರಯೋಗಗಳು. ಅಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿದರು. ಒಂದರಲ್ಲಿ ಮುಖಭಾವದ ಫೋಟೊ ತೋರಿಸಿ ‘ಇರಬಹುದು’ ಎಂಬರ್ಥದ ಒಂದೇ ಪದ ಕೇಳಿಸಿದರು. ಹೇಳುವವರಿಗೆ ಇಷ್ಟವೋ ಅಲ್ಲವೋ ಎಂಬ ಭಾವನೆಯನ್ನು ಕೇಳುಗರು ಹೇಗೆ ಊಹಿಸುತ್ತಾರೆ ಎಂದಷ್ಟೇ ನೋಡಿದ್ದು. ಭಾವನೆಯ ಮಾತಲ್ಲದ ಕಡೆಗೆ ಈ ಅಂಕಿ ಹೊಂದುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ.

ಸೇತುವೆಯ ಕಂಬ ಎಷ್ಟು ಭಾರ ಹೊರುತ್ತದೆ ಎಂಬುದಕ್ಕೆ ಕೈ ಬೀಸಿದರೆ ಉತ್ತರ ಸಿಗದು. ಸ್ಪಷ್ಟವಾಗಿ, ನಿಧಾನವಾಗಿ, ಎದುರಿನವರನ್ನು ನೋಡಿ ಮಾತಾಡಿದರೆ ಸಾಕು.

ಮಾತು 5: “ರೆಡಿ ಪಿಪಿಟಿಗೆ ಹೆಸರು ಬದಲಿಸಿ”

ಸಂದೇಶದಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಮಾತು ಇದು. ಇನ್ನೊಬ್ಬರ ಕೆಲಸವನ್ನು ತನ್ನದೆಂದು ತೋರಿಸುವುದು ವೃತ್ತಿ ನೀತಿಗೆ ವಿರುದ್ಧ. ವೃತ್ತಿನಿಷ್ಠೆಯನ್ನು ಅಳೆಯುವ ಸಂದರ್ಶನದಲ್ಲೇ ಹಾಗೆ ಮಾಡಿದರೆ ಅದಕ್ಕಿಂತ ದೊಡ್ಡ ಕುತ್ತಿಲ್ಲ. ಅದಲ್ಲದೆ ಅದು ನಿಲ್ಲುವುದೂ ಇಲ್ಲ. ಎದುರು ಕೂತವರೂ ಎಂಜಿನಿಯರರೇ. “ಆ ದಿನ ಮಳೆ ಬಂದಿದ್ದರೆ ಏನು ಮಾಡುತ್ತಿದ್ದಿರಿ?”, “ಇನ್ನೊಂದು ದಾರಿಯನ್ನು ಯಾಕೆ ಬಿಟ್ಟಿರಿ?” ಎಂಬ ಪ್ರಶ್ನೆಗೆ ಸ್ಥಳದಲ್ಲಿ ನಿಂತವರು ಕೂಡಲೇ ಉತ್ತರಿಸುತ್ತಾರೆ. ಪಿಪಿಟಿ ಕೊಂಡವರ ಹತ್ತಿರ 41ನೇ ಸ್ಲೈಡ್ ಇರುವುದಿಲ್ಲ.

ಹಾಗಾದರೆ ತಯಾರಿ ಹೇಗೆ?

ಮೇಲಿನ ಕಾಲುವೆ ದುರಸ್ತಿಯನ್ನೇ ಹಿಡಿದು, 15 ನಿಮಿಷದ ಪ್ರೆಸೆಂಟೇಶನ್ ಹೀಗೆ ಹಂಚಿಕೊಳ್ಳಬಹುದು:

- 2 ನಿಮಿಷ: ಎಲ್ಲಿ, ಏನು ಕೆಲಸ, ನಿಮ್ಮ ಹುದ್ದೆ ಏನು. ಒಂದು ನಕ್ಷೆ ಸಾಕು.
- 3 ನಿಮಿಷ: ಸಮಸ್ಯೆ ಏನು. ಒಡೆದ ಲೈನಿಂಗ್‌ನ ಫೋಟೊ. ನೀರು ಸೋರಿದರೆ ಕಾಲುವೆಯ ಕೊನೆಯ ರೈತನಿಗೆ ಏನಾಗುತ್ತದೆ.
- 5 ನಿಮಿಷ: ಇದ್ದ ದಾರಿಗಳು ಯಾವುವು, ನೀವು ಯಾವುದನ್ನು ಆರಿಸಿದಿರಿ, ಯಾಕೆ. ಸಂದರ್ಶನದ ಜೀವಾಳ ಇಲ್ಲಿದೆ.
- 3 ನಿಮಿಷ: ಫಲ ಏನಾಯಿತು. ಖರ್ಚು, ಸಮಯ, ಕಾರ್ಮಿಕರ ಸುರಕ್ಷತೆ.
- 2 ನಿಮಿಷ: ಏನು ಕಲಿತಿರಿ, ಮತ್ತೆ ಮಾಡಿದರೆ ಏನನ್ನು ಬದಲಿಸುತ್ತೀರಿ.

“ಯಾಕೆ” ಎಂಬ ಪ್ರಶ್ನೆಯನ್ನು ನಿಮ್ಮ ಪ್ರತಿ ನಿರ್ಧಾರಕ್ಕೂ ಮೂರು ಸಲ ಕೇಳಿಕೊಳ್ಳಿ. ಮಣ್ಣು ಯಾಕೆ ಬದಲಿಸಿದಿರಿ? ಅದು ಉಬ್ಬುತ್ತಿತ್ತು. ಉಬ್ಬುತ್ತದೆ ಎಂದು ಹೇಗೆ ಗೊತ್ತು? ಪರೀಕ್ಷೆಯಲ್ಲಿ 10 ಗ್ರಾಂ ಒಣ ಮಣ್ಣನ್ನು ನೀರಿಗೂ, ಅಷ್ಟೇ ಮಣ್ಣನ್ನು ಸೀಮೆಎಣ್ಣೆಗೂ ಹಾಕಿ 24 ಗಂಟೆ ಬಿಟ್ಟೆವು, ನೀರಿನಲ್ಲಿದ್ದದ್ದು ಉಬ್ಬಿತು. ಸೀಮೆಎಣ್ಣೆ ಯಾಕೆ? ಅದರಲ್ಲಿ ಈ ಜೇಡಿ ಉಬ್ಬುವುದಿಲ್ಲ, ಹಾಗಾಗಿ ಹೋಲಿಸಲು ಆಧಾರ ಸಿಗುತ್ತದೆ. ಮೂರನೇ “ಯಾಕೆ”ಗೂ ಉತ್ತರ ಇದ್ದರೆ ನಿಮ್ಮ ತಯಾರಿ ಗಟ್ಟಿಯಾಗಿದೆ ಎಂದರ್ಥ.

ಸಂದರ್ಶನ ಇಂಗ್ಲಿಷ್‌ನಲ್ಲಿದ್ದರೂ ಮೊದಲು ಕನ್ನಡದಲ್ಲಿ ಹೇಳಿ ನೋಡಿ. ಎಂಜಿನಿಯರಿಂಗ್ ಓದದ ಮನೆಯವರ ಮುಂದೆ ಹೇಳಿ. “ಅಂದ್ರ ಏನಪಾ?” ಎಂದು ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ನಿಮ್ಮ ವಿವರಣೆ ಸಡಿಲ ಇದೆ. ಕನ್ನಡದಲ್ಲಿ ತಿಳಿಯಾಗಿ ಹೇಳಿದ್ದನ್ನು ಇಂಗ್ಲಿಷ್‌ಗೆ ತರುವುದು ಸುಲಭ. ಅರ್ಥವಾಗದೆ ಬಾಯಿಪಾಠ ಮಾಡಿದ ಇಂಗ್ಲಿಷ್ ಅರ್ಧದಲ್ಲಿ ಕೈಕೊಡುತ್ತದೆ.

ಸ್ಲೈಡ್‌ಗಳನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಮುಚ್ಚಿಟ್ಟು ನೆನಪಿನಿಂದ ಹೇಳುವುದು ಒಳ್ಳೆಯದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡವರು ಮರಳಿ ಓದಿದವರಲ್ಲ, ನೆನಪಿನಿಂದ ಹೇಳಿ ನೋಡಿದವರು.

ಮಾಲೀಕರ ಅಥವಾ ಇಲಾಖೆಯ ನಕ್ಷೆ, ಲೆಕ್ಕ, ಫೋಟೊ ಬಳಸುವ ಮುನ್ನ ಅನುಮತಿ ಪಡೆಯುವುದನ್ನು ಮರೆಯಬೇಡಿ.

ಎದೆ ಹೊಡೆದುಕೊಂಡರೆ?

ಅದು ರೋಗವಲ್ಲ, ಅಪಶಕುನವೂ ಅಲ್ಲ. ಅಡ್ರಿನಲಿನ್ ಹೆಚ್ಚಿ ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಪರಿಚಯದವರು ಹೇಳಿದರೆಂದು ಎದೆಬಡಿತ ಇಳಿಸುವ ಮಾತ್ರೆ ನುಂಗಬೇಡಿ. ಉಬ್ಬಸ ಇರುವವರಿಗೆ ಅಂಥ ಕೆಲವು ಮಾತ್ರೆಗಳು ಅಪಾಯಕಾರಿ. ಬೇಕಿದ್ದರೆ ವೈದ್ಯರನ್ನೇ ಕೇಳಿ.

ಇದಕ್ಕೆ ಸರಳ ಉಪಾಯವೂ ಒಂದಿದೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುಂಚೆ “ನಾನು ಶಾಂತವಾಗಿದ್ದೇನೆ” ಎಂದುಕೊಂಡವರಿಗಿಂತ “ನನಗೆ ಉತ್ಸಾಹವಾಗಿದೆ” ಎಂದುಕೊಂಡವರು ಚೆನ್ನಾಗಿ ಮಾತಾಡಿದರು. ಎದ್ದ ಎದೆಬಡಿತವನ್ನು ಇಳಿಸಲು ಗುದ್ದಾಡುವುದಕ್ಕಿಂತ, ಅದನ್ನು ಹುರುಪು ಎಂದುಕೊಳ್ಳುವುದು ಸುಲಭ.

ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ” ಎನ್ನಿ. ಜೊತೆಗೆ “ಇಂಥ ಮಾನಕ ನೋಡುತ್ತೇನೆ, ಇಂಥ ತಜ್ಞರನ್ನು ಕೇಳುತ್ತೇನೆ” ಎಂದು ಸೇರಿಸಿ. ತನ್ನ ಮಿತಿ ಗೊತ್ತಿರುವ ಎಂಜಿನಿಯರ್ ಕಟ್ಟಿದ ಸೇತುವೆಯ ಮೇಲೆ ಜನ ನಂಬಿ ಓಡಾಡಬಹುದು. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವರ ಸೇತುವೆಯ ಬಗ್ಗೆ ಹಾಗೆ ಹೇಳಲಾಗದು.

ನಮ್ಮ ತೀರ್ಮಾನ

- “ನೋಂದಣಿ ಇಲ್ಲದಿದ್ದರೆ ಬಿಇಗೆ ಬೆಲೆಯಿಲ್ಲ”: ತಪ್ಪು. ಕರಡು ಮಸೂದೆ ಕಾನೂನಲ್ಲ.
- “ದೊಡ್ಡ ಪ್ರಾಜೆಕ್ಟ್ ಬೇಕು”: ತಪ್ಪು. ನಿಮ್ಮದೇ ನಿರ್ಧಾರ ಇರುವ ಕೆಲಸ ಬೇಕು.
- “40 ಸ್ಲೈಡ್ ಬೇಕು”: ತಪ್ಪು. ಕಡಿಮೆ ಸ್ಲೈಡ್, ಸ್ಪಷ್ಟ ಶೀರ್ಷಿಕೆ ಸಾಕು.
- “ಹಾವಭಾವವೇ ಮುಖ್ಯ”: ದಾರಿ ತಪ್ಪಿಸುವ ಮಾತು.
- “ರೆಡಿ ಪಿಪಿಟಿಯಿಂದ ಪಾಸ್ ಗ್ಯಾರಂಟಿ”: ಸುಳ್ಳು, ಮೇಲಾಗಿ ನೀತಿಬಾಹಿರ.

ಆ ಸಂದೇಶ ನಿಮ್ಮ ಗುಂಪಿಗೂ ಬಂದರೆ ಮುಂದೆ ಕಳಿಸಬೇಡಿ, ಲಿಂಕ್ ಒತ್ತಿ ಹಣವನ್ನೂ ಕಳಿಸಬೇಡಿ. ಅರ್ಜಿ, ಶುಲ್ಕ, ಸಂದರ್ಶನದ ನಿಯಮವನ್ನು ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ನೋಡಿ. ಹಳ್ಳಿ ಕಡೆಯ ಸಣ್ಣ ಕೆಲಸ ಎಂದು ಹಿಂಜರಿಯುತ್ತಿರುವ ಗೆಳೆಯರು ಯಾರಾದರೂ ಇದ್ದರೆ, ಅವರಿಗೆ ಈ ಬರಹ ಕಳಿಸಿ.